ಮಗಳಿಗೊಂದು ಪತ್ರ: ಆ ದನಿ ನಮ್ಮ ಮನೆಯದು

ಧಾರವಾಡ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ, ಅಪ್ಪನ ಆಶೀರ್ವಾದ.

ನೀನು ನನ್ನ ಫೋನ್ ಎತ್ತುತ್ತಿಲ್ಲ. ಅವ್ವನ ಹತ್ತಿರ ಮಾತಾಡಿದ್ದೀಯ ಅಂತ ಗೊತ್ತಾಯಿತು. ಊಟ ಮಾಡ್ತಿದ್ದಾಳೆ, ಕಾಲೇಜಿಗೆ ಹೋಗ್ತಿದ್ದಾಳೆ ಅಂದಳು. ಅಷ್ಟು ಕೇಳಿ ಸಮಾಧಾನವಾಯಿತು. ಆದರೆ ಕೊನೆಗೆ ನೀನು ಹೇಳಿದ ಮಾತನ್ನೂ ಹೇಳಿದಳು. "ಆ ತಂಬೂರಿ ಯಾರಿಗಾದರೂ ಕೊಟ್ಟುಬಿಡ್ರಿ, ನಾ ಇನ್ನ ಹಾಡೂದಿಲ್ಲ." ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ. ವಾಟ್ಸಾಪಿನಲ್ಲಿ ಬರೆದರೆ ಎರಡು ಸಾಲು ಓದಿ ಬಿಟ್ಟುಬಿಡ್ತೀಯ.

ಟಿವಿಯವರ ಸ್ಟುಡಿಯೋದಲ್ಲಿ ನೀನು ಹಾಡಿ ತೋರಿಸಿದ ದಿನ ಏನಾಯಿತು, ವಾಪಸ್ ಬರುವಾಗ ಆಟೋದಲ್ಲಿ ನಾವಿಬ್ಬರೂ ಏನೇನು ಅಂದುಕೊಂಡೆವು, ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ. ನನ್ನ ಮಾತು ನಿನಗೆ ಚುಚ್ಚಿದ್ದರೆ ಅದಕ್ಕೆ ಕ್ಷಮೆ ಇರಲಿ ಮಗಳೇ. ಆದರೆ ಒಂದು ಹೇಳ್ತೀನಿ ಕೇಳು. ಸ್ಟುಡಿಯೋದವರು ತಾಳ ತಪ್ಪಿದೆ ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಸ್ವರ ಅಲ್ಲಾಡಿತು ಅಂದಿದ್ದರೆ, ಸರಿ, ತಿದ್ದಿಕೊಳ್ಳೋಣ ಅನ್ನುತ್ತಿದ್ದೆ. ಅವರು ಅಂದದ್ದು ಅದಲ್ಲ. ಹುಡುಗಿಯ ದನಿ ಇಷ್ಟು ದಪ್ಪ ಇರಬಾರದು, ಗಂಡಸರ ಹಾಗೆ ಕೇಳಿಸುತ್ತೆ ಅಂದರು. ಆ ಮಾತು ನಮ್ಮ ಮನೆಗೆ ಹೊಸದಲ್ಲ. ಹಿಂದೆಯೂ ಒಮ್ಮೆ ಬಂದಿತ್ತು. ಅದನ್ನು ನಿನಗೆ ಯಾವತ್ತೂ ಹೇಳಿಲ್ಲ, ಇವತ್ತು ಹೇಳ್ತೀನಿ.

ನೀನು ಕೇಳಿದ್ದು ಆಯಿಯ, ಅಂದರೆ ನನ್ನ ಅವ್ವನ, ಕೊನೆಗಾಲದ ದನಿ. ಉಬ್ಬಸ ಹಿಡಿದ ಮೇಲಿನದು. ನಾನು ಸಣ್ಣವನಿದ್ದಾಗ ಅವಳ ದನಿ ಹೇಗಿತ್ತು ಅಂದರೆ, ಅಡುಗೆಮನೆಯಲ್ಲಿ ರವೆ ಬೀಸುತ್ತ ಕೂತು ಹಾಡಿದರೆ ಬೀಸುವ ಕಲ್ಲಿನ ಗರಗರ ಸಪ್ಪಳದ ಕೆಳಗಿನಿಂದ ಆ ದನಿ ಬರುತ್ತಿತ್ತು. ಮೇಲಿನಿಂದ ಅಲ್ಲ, ಕೆಳಗಿನಿಂದ. ಯಾರ ಹತ್ತಿರವೂ ಕಲಿತವಳಲ್ಲ. ಎಲ್ಲವೂ ರೇಡಿಯೋದ್ದು. 1950ರಲ್ಲಿ ನಮ್ಮೂರಿಗೆ ಆಕಾಶವಾಣಿ ಬಂತಲ್ಲ, ಆಯಿ ಅದರ ಮಗಳು ಅಂತಲೇ ಹೇಳಬೇಕು. ಅಜ್ಜ ಮರ್ಫಿ ರೇಡಿಯೋ ತಂದಿದ್ದರು. ಆಗೆಲ್ಲ ರೇಡಿಯೋ ಇಟ್ಟುಕೊಳ್ಳಲಿಕ್ಕೂ ಪ್ರತಿ ವರ್ಷ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸಿನ ದುಡ್ಡು ಕಟ್ಟಬೇಕಿತ್ತು. ಎಷ್ಟೇ ಕಷ್ಟ ಇದ್ದರೂ ಅಜ್ಜ ಅದೊಂದನ್ನು ತಪ್ಪಿಸಲಿಲ್ಲ. ಶನಿವಾರ ರಾತ್ರಿ ಒಂಬತ್ತೂವರೆಗೆ ದಿಲ್ಲಿಯಿಂದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. ಅಷ್ಟರೊಳಗೆ ಊಟ ಮುಗಿದು, ಪಾತ್ರೆ ತೊಳೆದು, ಎಲ್ಲರೂ ಪಡಸಾಲೆಯ ಜಮಖಾನದ ಮೇಲೆ ಇರಬೇಕು. ನಾವು ಮಕ್ಕಳು ಅಲ್ಲೇ ಮಲಗಿಬಿಡುತ್ತಿದ್ದೆವು. ಆಯಿ ಮಾತ್ರ ಗೋಡೆಗೆ ಒರಗಿ ಕೊನೆಯ ತನಕ ಕೇಳುತ್ತಿದ್ದಳು. ಅವಳಿಗೆ ರಾಗಗಳ ಹೆಸರು ಗೊತ್ತಿರಲಿಲ್ಲ. "ಇದು ಬೆಳಗಿಂದು", "ಇದು ದೀಪಾ ಹಚ್ಚೂ ಹೊತ್ತಿಂದು" ಅನ್ನುತ್ತಿದ್ದಳು. ಅದು ತಪ್ಪಿದ್ದನ್ನು ನಾನು ಕಾಣೆ.

ಇನ್ನು ಆ ದಿನದ ವಿಷಯ. ನಿಮ್ಮ ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅವಲಕ್ಕಿ, ಚಹಾ ಆಯಿತು. ಆಗಿನ ಪದ್ಧತಿಯಂತೆ "ಹುಡುಗಿ ಒಂದು ಹಾಡು ಅನ್ನಲಿ" ಅಂದರು. ಅತ್ತೆ ದೇವರನಾಮ ಶುರು ಮಾಡಿದಳು. ಎರಡನೇ ಸಾಲಿಗೆ ಗಂಟಲು ಕಟ್ಟಿತು. ಯಾರೂ ಮಾತಾಡಲಿಲ್ಲ. ಆಗ ಅಡುಗೆಮನೆಯಿಂದ ಆಯಿ ಆ ಸಾಲನ್ನು ಎತ್ತಿಕೊಂಡಳು. ಅವಳು ಹಾಡಬೇಕಂತ ಹಾಡಿದ್ದಲ್ಲ. ಮಗಳಿಗೆ ಆಸರೆ ಕೊಡಲಿಕ್ಕೆ ಹಾಡಿದ್ದು. ಅತ್ತೆ ಆ ದನಿ ಹಿಡಿದುಕೊಂಡು ಹಾಡು ಮುಗಿಸಿದಳು. ಇಬ್ಬರ ದನಿ ಸೇರಿ ಎಷ್ಟು ಚೆನ್ನಾಗಿತ್ತು ಅಂದರೆ ಹೊರಗೆ ಕಟ್ಟೆಯ ಮೇಲೆ ಕೂತವರೂ ಒಳಗೆ ಇಣುಕಿದರು.

ಆಮೇಲೆ ಬಂದವರಲ್ಲಿ ಒಬ್ಬರು ಕೇಳಿದರು: "ಒಳಗ ಯಾರ್ರೀ ಗಂಡಸರು ಹಾಡಾಕತ್ತಿದ್ರು?"

ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ಅಲ್ಲ. ಬೀಗರ ಮನೆಯ ನಗು, ಅಷ್ಟೇ. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ. ಆಯಿ ನನಗೆ ಬೆನ್ನು ಮಾಡಿ ನಿಂತಿದ್ದಳು. ಅವಳೂ ನಗುತ್ತಿದ್ದಳು ಪುಟ್ಟಿ. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅತ್ತಿದ್ದರೆ ನಾನು ಇಷ್ಟು ವರ್ಷ ಇದನ್ನು ನೆನಪಿಡುತ್ತಿರಲಿಲ್ಲವೇನೋ. ಅತ್ತವರಿಗೆ ಯಾರಾದರೂ ಸಮಾಧಾನ ಹೇಳ್ತಾರೆ. ನಕ್ಕವರಿಗೆ ಏನು ಹೇಳೋದು?

ಮದುವೆ ಕೂಡಿ ಬಂತು. ಎಲ್ಲ ಒಳ್ಳೆಯದೇ ಆಯಿತು. ಆದರೆ ಅವತ್ತಿನಿಂದ ಮನೆಗೆ ಹೊರಗಿನವರು ಬಂದರೆ ಆಯಿ ಹಾಡಲಿಲ್ಲ. ಗೌರಿ ಹಬ್ಬಕ್ಕೆ ಆರತಿ ಹಾಡು ಹೇಳ್ರಿ ಅಂದರೆ "ನನಗ ಕೆಮ್ಮು" ಅನ್ನುತ್ತಿದ್ದಳು. ಒಳಗೆ ಒಬ್ಬಳೇ ಇದ್ದಾಗ ಹಾಡುತ್ತಿದ್ದಳು. ಅದೂ ಸೆರಗು ಬಾಯಿಗೆ ಹಿಡಿದು, ದನಿಯನ್ನು ಮೇಲೆ ಎಳೆದು, ತೆಳು ಮಾಡಿ. ಆ ತೆಳು ದನಿ ಅವಳದಲ್ಲ. ಕೇಳಿದರೆ ಬೇರೆ ಯಾರೋ ನಮ್ಮ ಅಡುಗೆಮನೆಗೆ ಬಂದು ಹಾಡಿದ ಹಾಗೆ ಇರುತ್ತಿತ್ತು. ಮೊನ್ನೆ ಸ್ಟುಡಿಯೋದಲ್ಲಿ "ಸ್ವಲ್ಪ ತೆಳು ಮಾಡಿ ಹಾಡಮ್ಮ" ಅಂದಾಗ ನೀನು ಶ್ರುತಿ ಏರಿಸಿ ಅದೇ ಹಾಡನ್ನು ಮತ್ತೆ ಹಾಡಿದೆಯಲ್ಲ, ಆಗ ನನ್ನ ಮೈಯೆಲ್ಲ ತಣ್ಣಗಾಯಿತು. ನಾನು ಗಾಜಿನ ಆಚೆ ಕೂತಿದ್ದೆ. ಅದೇ ದನಿ. ಆಯಿ ಸೆರಗು ಒತ್ತಿಕೊಂಡು ಹಾಡುತ್ತಿದ್ದಳಲ್ಲ, ಅದೇ. ನೀನು ಸೋತೆ ಅಂತ ನನಗೆ ಸಿಟ್ಟು ಬಂದದ್ದಲ್ಲ. ಹೆದರಿಕೆ ಆಯಿತು.

ಅಜ್ಜ ಆ ವಿಷಯ ಯಾರ ಹತ್ತಿರವೂ ಮಾತಾಡಲಿಲ್ಲ. ಆದರೆ ರೇಡಿಯೋದಲ್ಲಿ ಗಂಗೂಬಾಯಿ ಹಾನಗಲ್ ಅವರ ಹಾಡು ಬಂತೆಂದರೆ ದನಿ ದೊಡ್ಡದು ಮಾಡಿ ಒಳಗೆ ಕೂಗುತ್ತಿದ್ದರು: "ಬಾ ಇಲ್ಲೆ, ನಿನ್ನ ದನಿ ಬಂದೈತಿ." ಆಯಿ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದಳು.

ಗಂಗೂಬಾಯಿಯವರ ಕತೆ ನಿನಗೆ ಅರ್ಧ ಗೊತ್ತು. ಇನ್ನರ್ಧ ಕೇಳು. ಅವರು ಹುಟ್ಟಿದ್ದು 1913ರಲ್ಲಿ, ನಮ್ಮ ಧಾರವಾಡದಲ್ಲೇ. ಮೊದಲು ಅವರ ದನಿ ಹೀಗಿರಲಿಲ್ಲ. 1930ರ ದಶಕದ ಮೊದಲ ಗ್ರಾಮೋಫೋನ್ ತಟ್ಟೆಗಳಲ್ಲಿ ಅವರ ಹೆಸರು 'ಗಾಂಧಾರಿ' ಅಂತ ಇದೆ. ಅದರಲ್ಲಿ ದನಿ ತೆಳು, ಚುರುಕು. ಆಮೇಲೆ ಗಂಟಲಿನ ತೊಂದರೆ ಆಯಿತು, ಚಿಕಿತ್ಸೆ ಆಯಿತು, ದನಿ ಇಳಿದು ದಪ್ಪವಾಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇವರು ಆ ಇಳಿದ ದನಿಯನ್ನೇ ಹಿಡಿದು ಸಾಧನೆ ಮಾಡಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಹತ್ತಿರ ಕಲಿತರು. ರಸ್ತೆಯಲ್ಲಿ ಹೋದರೆ ಹಾಡುವವಳು ಅಂತ ಜನ ಹೀಯಾಳಿಸುತ್ತಿದ್ದ ಕಾಲ ಅದು. ಆ ದನಿಗೇ 2002ರಲ್ಲಿ ಪದ್ಮವಿಭೂಷಣ ಬಂತು. ತೊಂಬತ್ತು ದಾಟಿದ ಮೇಲೂ ಹಾಡಿದರು. ಹಳೆಯ ತಟ್ಟೆಯ ಹಾಡು, ಆಮೇಲಿನ ಹಾಡು ಎರಡೂ ಯೂಟ್ಯೂಬಿನಲ್ಲಿ ಸಿಗುತ್ತವೆ. ಒಂದರ ಹಿಂದೆ ಒಂದು ಕೇಳು. ಯಾವುದು ಎದೆಗೆ ಇಳಿಯುತ್ತದೆ ಅಂತ ನೀನೇ ನೋಡು. ಇದು ಅಪ್ಪ ಕೊಟ್ಟ ಹೋಂವರ್ಕ್ ಅಂತಲೇ ತಿಳಿ.

ಅವರ ತಾಯಿ ಅಂಬಾಬಾಯಿಯವರ ವಿಷಯವನ್ನು ನಾನು ಜಾಸ್ತಿ ಯೋಚಿಸುತ್ತೇನೆ. ಅಂಬಾಬಾಯಿ ಒಳ್ಳೆಯ ಕರ್ನಾಟಕ ಸಂಗೀತಗಾರ್ತಿ. ಅವರ ಹಾಡು ಕೇಳಲು ಅಬ್ದುಲ್ ಕರೀಂ ಖಾನರಂಥ ದೊಡ್ಡ ಹಿಂದೂಸ್ತಾನಿ ಗಾಯಕರೇ ಮನೆಗೆ ಬರುತ್ತಿದ್ದರಂತೆ. ಮಗಳು ಹಿಂದೂಸ್ತಾನಿ ಕಲಿಯಲು ಶುರು ಮಾಡಿದಾಗ, ತನ್ನ ಹಾಡಿನ ನೆರಳು ಮಗಳ ಹಾಡಿನ ಮೇಲೆ ಬೀಳಬಾರದು ಅಂತ ಆ ತಾಯಿ ತಾನು ಹಾಡುವುದನ್ನೇ ಬಿಟ್ಟರು. ಎಲ್ಲರೂ ಅದನ್ನು ದೊಡ್ಡ ತ್ಯಾಗ ಅಂತಾರೆ. ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಅದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಮನೆಯಲ್ಲಿ ಎರಡು ದನಿ ಯಾಕೆ ಇರಬಾರದು? ಮುಂದೆ ಗಂಗೂಬಾಯಿಯವರು ವೇದಿಕೆ ಹತ್ತಿದಾಗ ಅವರ ಹಿಂದೆ ಮಗಳು ಕೃಷ್ಣಾ ಕೂತು ದನಿಗೂಡಿಸುತ್ತಿದ್ದರು. ನನಗೆ ಆ ಚಿತ್ರ ಇಷ್ಟ. ತಾಯಿ ಬಿಟ್ಟ ಸ್ವರವನ್ನು ಮಗಳು ಹಿಡಿಯೋದು, ಮಗಳು ನಿಲ್ಲಿಸಿದಲ್ಲಿಂದ ತಾಯಿ ಎತ್ತಿಕೊಳ್ಳೋದು. ನಮ್ಮ ಅಡುಗೆಮನೆಯಿಂದ ಆಯಿ ಮಾಡಿದ್ದೂ ಅದನ್ನೇ ಅಲ್ವಾ? ಅದಕ್ಕೆ ನಕ್ಕರು.

ನೋಡು, ಮತ್ತೆ ಅಲ್ಲಿಗೇ ಬಂದೆ. ಇರಲಿ.

ತಂಬೂರಿ ವಿಷಯ ಹೇಳಬೇಕು. ಅತ್ತೆಯ ಮದುವೆಯ ಸಾಲ ತೀರಿದ ಮೇಲೆ ಅಜ್ಜ ತಂಬೂರಿ, ಸಿತಾರು ಮಾಡುವ ಊರು ಮಿರಜಿಗೆ ಹೋದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ತಂಬೂರಿಯಲ್ಲಿ ಗಂಡಸರದು ಬೇರೆ, ಹೆಂಗಸರದು ಬೇರೆ ಇರುತ್ತದೆ, ಗೊತ್ತಲ್ಲ. ಗಂಡಸರದ್ದು ದೊಡ್ಡದು, ಕೆಳಗಿನ ಶ್ರುತಿಗೆ ನಿಲ್ಲುತ್ತದೆ. ಅಂಗಡಿಯವರು ಯಾರಿಗೆ ಬೇಕು ಅಂತ ಕೇಳಿದರು. "ನಮ್ಮ ಮನೆಯವರಿಗೆ. ಆದರ ದೊಡ್ಡದ ಕೊಡ್ರಿ" ಅಂದರು ಅಜ್ಜ. ಅಂಗಡಿಯವರು ಇನ್ನೊಮ್ಮೆ ಕೇಳಿದರು. ಅಜ್ಜ ಅದೇ ಮಾತು ಹೇಳಿದರು. ಪಂಢರಪುರದ ಕಡೆ ಬೆಳೆಯುವ ದೊಡ್ಡ ಸೋರೆಬುರುಡೆಯಿಂದ ಮಾಡಿದ ಆ ತಂಬೂರಿಯನ್ನು ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಧಾರವಾಡಕ್ಕೆ ತಂದರು. ನೆಲಕ್ಕೆ ಇಡಲಿಲ್ಲ. 2024ರಲ್ಲಿ ಮಿರಜಿನ ಸಿತಾರು, ತಂಬೂರಿಗೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಸ್ತು ಅನ್ನುವ ಸರಕಾರದ ಗುರುತು, ಬಂತು ಅಂತ ಪೇಪರಿನಲ್ಲಿ ಓದಿದಾಗ ಅಜ್ಜ ಇರಬೇಕಿತ್ತು ಅನ್ನಿಸಿತು.

ಆಯಿ ಅದನ್ನು ಬೈಗು ಹೊತ್ತಿನಲ್ಲಿ ಮೀಟುತ್ತಿದ್ದಳು. ಬಾಗಿಲು ಹಾಕಿಕೊಂಡು. ಅದರ ಜೊತೆ ಹಾಡಿದಾಗ ಮಾತ್ರ ಅವಳ ಹಳೆಯ ದನಿ ತಿರುಗಿ ಬರುತ್ತಿತ್ತು. ನೀನು ಮೊದಲ 'ಸಾ' ಹಚ್ಚಿದ್ದು ಆ ತಂಬೂರಿಗೇ. ನಿನ್ನ ಗುರುಗಳು "ಈ ಹುಡುಗಿಯ ಶ್ರುತಿ ಹಾರ್ಮೋನಿಯಂನ ಕಪ್ಪು ಎರಡು, ಇಷ್ಟು ಕೆಳಗಿನದು ಹೆಣ್ಣುಮಕ್ಕಳಲ್ಲಿ ಅಪರೂಪ" ಅಂದ ದಿನ ನಾನು ಓಣಿಯವರಿಗೆಲ್ಲ ಪೇಢಾ ಹಂಚಿದೆ. ಯಾಕೆ ಅಂತ ನೀನು ಆಗ ಕೇಳಿದ್ದೆ, ನಾನು ಸುಮ್ನೆ ಅಂದಿದ್ದೆ.

ನೀನು ನಾಳೆಯೇ ದೊಡ್ಡ ಗಾಯಕಿ ಆಗಬೇಕು ಅಂತ ನನಗಿಲ್ಲ. ಟಿವಿಗೆ ಹೋಗಬೇಕು ಅಂತ ನಾನು ಯಾವತ್ತೂ ಅಂದವನಲ್ಲ. ಕಂಪ್ಯೂಟರ್ ಓದು, ನೌಕರಿ ಮಾಡು. ಆದರೆ ಹಾಡು ಬಿಡಬೇಡ, ದನಿ ಬದಲಿಸಬೇಡ. ಸಿನಿಮಾ ಹಾಡಿನಲ್ಲಿ ಹೆಣ್ಣು ದನಿ ಅಂದರೆ ತೆಳು, ಎತ್ತರ ಅಂತ ಎಷ್ಟೋ ವರ್ಷಗಳಿಂದ ಜನರ ಕಿವಿಗೆ ಅಭ್ಯಾಸವಾಗಿದೆ. ಅದು ಕಿವಿಯ ಅಭ್ಯಾಸ, ನಿನ್ನ ಗಂಟಲಿನ ತಪ್ಪಲ್ಲ. ಬೆಳಗ್ಗೆ ಎದ್ದು ಖರಜದ ಅಭ್ಯಾಸ ಮಾಡು. ಕೆಳಗಿನ ಸಾ ತನಕ ನಿಧಾನ ಇಳಿ, ಅಲ್ಲೇ ಉಸಿರು ಇರುವಷ್ಟು ಹೊತ್ತು ನಿಲ್ಲು. ಮೇಲಿನ ಶ್ರುತಿಗೆ ಏರಿಸಿ ಗಂಟಲು ಹಿಂಡಬೇಡ, ಗಂಟಲಲ್ಲಿ ಗಂಟು ಬೀಳುತ್ತದೆ, ಆಮೇಲೆ ಡಾಕ್ಟರ ಹತ್ತಿರ ತಿಂಗಳುಗಟ್ಟಲೆ ತಿರುಗಬೇಕು. ರಾತ್ರಿ ಎರಡರ ತನಕ ಫೋನ್ ನೋಡ್ತೀಯ ಅಂತ ತಮ್ಮ ಹೇಳಿದ. ನಿದ್ದೆ ಇಲ್ಲದ ಗಂಟಲಿಗೆ ಸ್ವರ ನಿಲ್ಲುವುದಿಲ್ಲ. ಬಿಸಿನೀರು ಕುಡಿ. ಕಿವಿಯಲ್ಲಿ ಆ ಇಯರ್‌ಫೋನ್ ಅಷ್ಟು ಜೋರಾಗಿ ಇಟ್ಟುಕೊಳ್ಳಬೇಡ. ಮಂಗಳಸೂತ್ರ ಬಿದ್ದ ಮೇಲೆ ಹಾಡು ಬಿಟ್ಟವರನ್ನು, ಮಗು ಆದಮೇಲೆ ಬಿಟ್ಟವರನ್ನು, ನೌಕರಿ ಸಿಕ್ಕ ಮೇಲೆ ಬಿಟ್ಟವರನ್ನು ನಾನು ಇದೇ ಊರಿನಲ್ಲಿ ಎಷ್ಟೋ ಮಂದಿ ನೋಡಿದ್ದೇನೆ. ಒಮ್ಮೆ ಬಿಟ್ಟರೆ ಬಿಟ್ಟದ್ದೇ. ಯಾರೂ ನಾಳೆ ಬಂದು ಹಾಡು ಅನ್ನೋದಿಲ್ಲ.

ಭಾಷಣ ಜಾಸ್ತಿ ಆಯಿತು ಅಂತ ನಿನ್ನ ಅವ್ವ ಪಕ್ಕದಲ್ಲಿ ಕೂತು ಅನ್ನುತ್ತಿದ್ದಾಳೆ. ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಪಾರ್ಸಲ್ ಮಾಡಿದ್ದಾಳೆ. ಈ ಪತ್ರವೂ ಅದರೊಳಗೇ ಇದೆ.

ಹಾಸ್ಟೆಲಿನ ಕೋಣೆಯಲ್ಲಿ ಅಷ್ಟು ದೊಡ್ಡ ತಂಬೂರಿಗೆ ಜಾಗ ಇಲ್ಲ, ಅದು ನನಗೂ ಗೊತ್ತು. ಸದ್ಯ ಮೊಬೈಲಿನ ತಂಬೂರಿಯೇ ಸಾಕು. ಅದರಲ್ಲಿ ಶ್ರುತಿ ಕಪ್ಪು ಎರಡಕ್ಕೆ ಇಡು, ನಾಲ್ಕಕ್ಕೆ ಏರಿಸಬೇಡ. ಮನೆಯದನ್ನು ನಾನು ಒರೆಸಿ, ಎರಡು ತಂತಿ ಹೊಸದು ಹಾಕಿಸಿದ್ದೇನೆ. ಒಂದು ಬಿರಡೆ ಜಾರುತ್ತಿತ್ತು, ಸೀಮೆಸುಣ್ಣದ ಪುಡಿ ಹಚ್ಚಿದ ಮೇಲೆ ನಿಂತಿದೆ. ನಮ್ಮ ಓಣಿಯ ಮಾಸ್ತರರಿಗೆ ಅದು ಹೇಗೆ ಗೊತ್ತಾಯಿತೋ ಏನೋ, ನಿನ್ನೆ ಬಂದು ತಮ್ಮ ಶಿಷ್ಯನಿಗೆ ತಂಬೂರಿ ಕೊಡ್ತೀರಾ ಅಂತ ಕೇಳಿದರು. ಇಲ್ಲ ಅಂದೆ. ಇದೊಂದು ವಿಷಯದಲ್ಲಿ ನಿನ್ನ ಮಾತು ನಡೆಸಿಕೊಡುವುದಿಲ್ಲ. ಸಿಟ್ಟು ಬಂದರೆ ಊರಿಗೆ ಬಂದು ನನ್ನ ಎದುರೇ ಬೈ.

ನಿನ್ನ
ಅಪ್ಪ