ನಾಲ್ಕನೇ ಕ್ಲಾಸಿನ ಇಂಗ್ಲಿಷ್ ನೋಟ್‌ಬುಕ್ ಬಗ್ಗೆ

ಪೋಷಕರೇ, ನಮಸ್ಕಾರ.

ಭಾನುವಾರ ರಾತ್ರಿ ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಿದ ಫೋಟೋ ನನ್ನ ಫೋನಿಗೂ ಬಂತು. ನಾಲ್ಕನೇ ಕ್ಲಾಸಿನ ಮಗುವೊಂದರ ಇಂಗ್ಲಿಷ್ ನೋಟ್‌ಬುಕ್. ಒಂದು ಪುಟದಲ್ಲಿ ಆರೇ ಆರು ಪದ, ಅದರ ಕೆಳಗೆ ಕನ್ನಡದಲ್ಲಿ ‘ಇಬ್ಬರು, ಇಪ್ಪತ್ತು, ಇನ್ನೂರು’. ಇದು ಇಂಗ್ಲಿಷ್ ಪಿರಿಯಡ್ಡೋ ಕನ್ನಡ ಪಿರಿಯಡ್ಡೋ ಅಂತ ಒಬ್ಬರು ಕೇಳಿದ್ದಾರೆ. ಇನ್ನೊಂದು ಸ್ಕೂಲಿನಲ್ಲಿ ದಿನಕ್ಕೆ 20 ಪದ, ಒಂದೊಂದನ್ನೂ ಹತ್ತು ಸಲ ಬರೆಸುತ್ತಾರೆ ಅಂತ ಇನ್ನೊಬ್ಬರು. ಫೀಸಿನ ಮಾತೂ ಬಂತು. ಪದವನ್ನು ಹತ್ತು ಸಲ ಬರೆಸುವುದು ಬಿಟ್ಟು, ಒಂದೇ ಬೇರಿನ ಪದಗಳನ್ನು ಒಟ್ಟಿಗೆ, ಅರ್ಥದ ಜೊತೆ ಕಲಿಸುತ್ತಿದ್ದೇವೆ. ನಿಮಗೆ ಒಂದು ಮಾತು ತಿಳಿಸದೆ ಹೀಗೆ ಕಲಿಸುವ ರೀತಿ ಬದಲಿಸಿದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಬದಲಿಸಿದ್ದು ಮಾತ್ರ ತಪ್ಪಲ್ಲ.

ಆ ಆರು ಪದ ಯಾವುವು ನೋಡಿ: ಟೂ, ಟ್ವೈಸ್, ಟ್ವಿನ್, ಟ್ವೆಲ್ವ್, ಟ್ವೆಂಟಿ, ಬಿಟ್ವೀನ್. ಎಲ್ಲದರಲ್ಲೂ ಟಿ ಪಕ್ಕ ಡಬ್ಲ್ಯೂ ಇದೆ. ಎಲ್ಲದರಲ್ಲೂ ‘ಎರಡು’ ಅಡಗಿ ಕೂತಿದೆ. ಎರಡು ಸಲ, ಅವಳಿ, ಹತ್ತು ತೆಗೆದರೆ ಮಿಕ್ಕುವ ಎರಡು, ಎರಡು ಹತ್ತು, ಎರಡರ ನಡುವೆ. ಮೊದಲು ಟೂ ಬರೆಯುವಾಗ ಅರ್ಧ ಕ್ಲಾಸು ಡಬ್ಲ್ಯೂ ನುಂಗುತ್ತಿತ್ತು. ಹತ್ತು ಸಲ ಬರೆಸಿದೆವು, ಹನ್ನೊಂದನೇ ಸಲ ಮತ್ತೆ ಅದೇ. ಟೂ ಕೂಡ ಟ್ವಿನ್ ಮನೆಯವನೇ, ಬಾಯಲ್ಲಿ ಕೇಳಿಸದಿದ್ದರೂ ಮನೆತನದ ಡಬ್ಲ್ಯೂ ಅವನಿಗೂ ಇದೆ ಅಂತ ಟೀಚರ್ ಹೇಳಿದ ಮೇಲೆ ನುಂಗುವುದು ಕಡಿಮೆಯಾಗಿದೆ.

ಕನ್ನಡದ ಸಾಲು ಬರೆಸಿದ್ದು ಟೀಚರ್ ಅಲ್ಲ. ಒಬ್ಬ ಹುಡುಗಿ ಎದ್ದು ‘ಮಿಸ್, ನಮ್ಮಲ್ಲೂ ಹಂಗೇ ಅಲ್ವಾ, ಇಬ್ಬರು, ಇಪ್ಪತ್ತು’ ಅಂದಳು. ಹಿಂದಿನ ಬೆಂಚಿನಿಂದ ‘ಇನ್ನೂರು’ ಬಂತು. ಎಲ್ಲರೂ ಬರೆದುಕೊಂಡರು. ನಾನು ಆ ಕ್ಲಾಸಿನಲ್ಲಿದ್ದಿದ್ದರೆ ನಾನೂ ಬರೆದುಕೊಳ್ಳುತ್ತಿದ್ದೆ.

ಈಗ ನಿಮಗೆ ಜಾಸ್ತಿ ಬೇಸರವಾದ ವಿಷಯ, ಅರ್ಥವನ್ನು ಕನ್ನಡದಲ್ಲಿ ಹೇಳಿಸುವುದು. ಪಿರಿಯಡ್ಡಿನಲ್ಲಿ ಇಂಗ್ಲಿಷ್ ಮಾತಾಡುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಡಿಕ್ಟೇಶನ್‌ನಲ್ಲಿ ಟೀಚರ್ ‘ನೋ’ ಅಂದರೆ ಮಗು ಯಾವುದನ್ನು ಬರೆಯಬೇಕು? ಬೇಡ ಅನ್ನುವ ನೋ ಎರಡೇ ಅಕ್ಷರ. ಗೊತ್ತು ಅನ್ನುವುದಕ್ಕೆ ಮುಂದೆ ಕೆ, ಹಿಂದೆ ಡಬ್ಲ್ಯೂ. ‘ನಾಟ್’ ಅಂದರೆ ಅಲ್ಲ ಅಂತಲೂ ಆಯಿತು, ಹಗ್ಗದ ಗಂಟೂ ಆಯಿತು. ‘ನೈಟ್’ ಅಂದರೆ ರಾತ್ರಿಯೋ, ಕುದುರೆ ಮೇಲೆ ಬರುವ ವೀರನೋ? ಕಿವಿಗೆ ಎರಡೂ ಒಂದೇ. ಅರ್ಥ ಗೊತ್ತಿದ್ದವರಿಗೆ ಮಾತ್ರ ಸ್ಪೆಲಿಂಗ್ ಗೊತ್ತಾಗುತ್ತದೆ, ಮತ್ತು ಒಂಬತ್ತು ವರ್ಷದ ಮಗುವಿನ ಮನಸ್ಸಿನಲ್ಲಿ ಅರ್ಥ ಇರುವುದು ಅದು ಮನೆಯಲ್ಲಿ ಆಡುವ ಮಾತಿನಲ್ಲಿ. ಕಳೆದ ತಿಂಗಳು 25ಕ್ಕೆ 25 ತೆಗೆದ ಒಂದು ಮಗುವನ್ನು ‘ನಿಟ್’ ಅಂದರೆ ಏನಮ್ಮಾ ಅಂತ ಕೇಳಿದೆ. ಸ್ಪೆಲಿಂಗ್ ಹೇಳಿತು. ಅದಲ್ಲ, ಅರ್ಥ ಅಂದೆ. ಮತ್ತೆ ಸ್ಪೆಲಿಂಗನ್ನೇ ಇನ್ನೂ ಜೋರಾಗಿ ಹೇಳಿತು. ಅದರ ಅಜ್ಜಿ ಸ್ವೆಟರ್ ಹೆಣೆಯುತ್ತಾರೆ!

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನಮಗಂತೂ ಇಂಗ್ಲಿಷ್ ಬರಲಿಲ್ಲ, ಮಕ್ಕಳಿಗಾದರೂ ಬರಲಿ ಅಂತ ಎಷ್ಟೋ ಜನ ನನ್ನ ರೂಮಿಗೇ ಬಂದು ಹೇಳಿದ್ದೀರಿ. ನಾನೂ ಕನ್ನಡ ಮೀಡಿಯಮ್ಮಿನವಳೇ. ಚಾಕುವಿನ ಇಂಗ್ಲಿಷ್ ಪದವನ್ನು ಪಿಯುಸಿವರೆಗೂ ‘ಕ್ನೈಫ್’ ಅಂತಲೇ ಓದುತ್ತಿದ್ದೆ, ಕ್ಲಾಸೆಲ್ಲ ನಕ್ಕಿತ್ತು. ಇಂಗ್ಲಿಷರೂ ಒಂದು ಕಾಲದಲ್ಲಿ ಆ ಕೆ ಉಚ್ಚರಿಸುತ್ತಿದ್ದರಂತೆ, ಸುಮಾರು 17ನೇ ಶತಮಾನದ ಹೊತ್ತಿಗೆ ನಾಲಗೆ ಅದನ್ನು ಬಿಟ್ಟಿತು, ಬರಹ ಬಿಡಲಿಲ್ಲ ಅಂತ ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ನನ್ನ ಉಚ್ಚಾರ ಸುಮಾರು 300 ವರ್ಷ ತಡವಾಗಿತ್ತು, ಅಷ್ಟೇ. ಮಂಡಿಗೆ ಜರ್ಮನ್ನರು ಇವತ್ತಿಗೂ ‘ಕ್ನೀ’ ಅನ್ನುತ್ತಾರೆ. ನಮ್ಮ ಮಕ್ಕಳು ಇಂಗ್ಲಿಷಿನ ‘ನೀ’ ಕೇಳಿ ಒಬ್ಬರಿಗೊಬ್ಬರು ‘ನೀನಾ?’ ಅಂತ ನಗುತ್ತಾರೆ, ನಗಲಿ, ಪದ ಮರೆಯುವುದಿಲ್ಲ.

ದೊಡ್ಡವರಿಗೂ ಒಂದು ಹೇಳುತ್ತೇನೆ. ನಿಮ್ಮ ಫೋನಿಗೆ ಬ್ಯಾಂಕಿನಿಂದ ‘ಡೆಬಿಟ್’ ಅಂತ ಮೆಸೇಜ್ ಬರುತ್ತದಲ್ಲ, ಅಲ್ಲಿ ಬಿ ಕೇಳಿಸುತ್ತದೆ. ಸಾಲ ಅನ್ನುವ ‘ಡೆಟ್’ನಲ್ಲಿ ಬಿ ಇದೆ, ಕೇಳಿಸುವುದಿಲ್ಲ. ಎರಡೂ ಒಂದೇ ಲ್ಯಾಟಿನ್ ಬೇರಿನವು. ಹಿಂದೆ ಡೆಟ್ ಅನ್ನು ಬಿ ಇಲ್ಲದೆಯೇ ಬರೆಯುತ್ತಿದ್ದರು, ಲ್ಯಾಟಿನ್ ಓದಿದ ಪಂಡಿತರು ಆಮೇಲೆ ಬಿ ತಂದು ಸಿಕ್ಕಿಸಿದರು. ಇಷ್ಟು ಗೊತ್ತಾದವರು ಇನ್ನು ಆ ಬಿ ಬಿಡುತ್ತಾರಾ?

ಒಂದೇ ಅಕ್ಷರ ಇದ್ದ ಮಾತ್ರಕ್ಕೆ ಎಲ್ಲ ಪದವೂ ನೆಂಟರಲ್ಲ, ಅದನ್ನೂ ಹೇಳಿಕೊಡುತ್ತಿದ್ದೇವೆ. ಒಬ್ಬ ಹುಡುಗ ಟ್ವೀಟ್ ಅನ್ನೂ ಪಟ್ಟಿಗೆ ಸೇರಿಸಿದ್ದ. ಅದು ಹಕ್ಕಿಯ ಚಿಲಿಪಿಲಿ ಕಣೋ, ಎರಡಕ್ಕೂ ಅದಕ್ಕೂ ಸಂಬಂಧವಿಲ್ಲ ಅಂದರೆ, ಹಕ್ಕಿಗೆ ಎರಡು ರೆಕ್ಕೆ ಇದೆಯಲ್ಲ ಮಿಸ್ ಅಂತ ವಾದಕ್ಕೆ ನಿಂತ. ಟೀಚರ್ ಎರಡು ದಿನ ಅದನ್ನು ಹಾಗೇ ಬಿಟ್ಟಿದ್ದರು. ತಿದ್ದಬೇಕಿತ್ತು, ಈಗ ತಿದ್ದಿದ್ದಾರೆ.

ಶುಕ್ರವಾರದ ಡಿಕ್ಟೇಶನ್ ಎಂದಿನಂತೆ ಇರುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಸ್ಪೆಲಿಂಗಿಗೆ ಮೊದಲಿನಷ್ಟೇ ಮಾರ್ಕ್ಸು. ಹತ್ತು ಸಲ ಬರೆಸುವ ಹೋಂವರ್ಕ್ ಮಾತ್ರ ವಾಪಸ್ ಬರುವುದಿಲ್ಲ, ಇದರಲ್ಲಿ ದಯವಿಟ್ಟು ಒತ್ತಾಯ ಬೇಡ. ಅರ್ಧ ವರ್ಷದ ಪರೀಕ್ಷೆ ಆಗಲಿ, ನೋಟ್‌ಬುಕ್ ಮುಂದಿಟ್ಟುಕೊಂಡು ಕೂತು ಮಾತಾಡೋಣ, ಸರಿಹೋಗದಿದ್ದರೆ ಯೋಚಿಸೋಣ.

ರಾತ್ರಿ ಊಟದ ಹೊತ್ತಿಗೆ ಅವತ್ತಿನ ಒಂದು ಪದದ ಅರ್ಥ ಕೇಳಿ, ಕನ್ನಡದಲ್ಲಿ ಹೇಳಿದರೂ ಸಾಕು.

ಫೋಟೋ ಹಾಕಿದವರು ಯಾರು ಅಂತ ನಾನು ವಿಚಾರಿಸಿಲ್ಲ, ವಿಚಾರಿಸುವುದೂ ಇಲ್ಲ. ಆದರೆ ಪುಟದ ಮೇಲೆ ಮಗುವಿನ ಹೆಸರು ಕಾಣುತ್ತಿತ್ತು. ಸೋಮವಾರ ಆ ಮಗು ನೋಟ್‌ಬುಕ್ಕನ್ನು ಬ್ಯಾಗಿನಿಂದ ಹೊರಗೇ ತೆಗೆಯಲಿಲ್ಲ. ಫೋಟೋ ಅಳಿಸಿಬಿಡಿ. ಇನ್ನೂ ಏನಾದರೂ ಕೇಳುವುದಿದ್ದರೆ ಶನಿವಾರ ಸ್ಕೂಲು ಬಿಟ್ಟ ಮೇಲೆ ನಾನು ಇರುತ್ತೇನೆ, ಬನ್ನಿ.

ಇಂತಿ,
ಮುಖ್ಯ ಶಿಕ್ಷಕಿ