ಪಟ್ಟಿ ಪಕ್ಕಕ್ಕಿಡು, ಸೈಡ್ ಚೈನ್ ನೋಡು

ಮಂಡ್ಯ

ಚಿ. ಕಾವ್ಯಾಗೆ ದೊಡ್ಡಪ್ಪನ ಆಶೀರ್ವಾದಗಳು.

ಮೈಸೂರಿನ ಹಾಸ್ಟೆಲ್‌ನಲ್ಲಿ ರಾತ್ರಿಯೆಲ್ಲ ಕೂತು ಪ್ರೋಟೀನ್ ಕಟ್ಟುವ 20 ಅಮೈನೋ ಆಮ್ಲಗಳ ಪಟ್ಟಿ ಉರು ಹೊಡೆಯುತ್ತಿದ್ದೀಯಂತೆ. ಬೆಳಗಾದರೆ ಎಲ್ಲ ಕಲಸಿಹೋಗುತ್ತದಂತೆ. ನಿಮ್ಮಮ್ಮ ಹೇಳಿದಳು. ಸುಮ್ನೆ ಯಾಕಮ್ಮ ಆ ಕಷ್ಟ? ಪಟ್ಟಿ ಪಕ್ಕಕ್ಕಿಟ್ಟು, ಬಿಳಿ ಹಾಳೆ ತಗೊಂಡು ಒಂದೊಂದರ ರಚನೆಯನ್ನೂ ಕೈಯಾರೆ ಬರಿ. ನಡುವಿನ ಕಾರ್ಬನ್, ಅದಕ್ಕೆ ಸೇರಿದ ಅಮೈನೋ ಗುಂಪು, ಕಾರ್ಬಾಕ್ಸಿಲ್ ಗುಂಪು, ಒಂದು ಹೈಡ್ರೋಜನ್. ಇಷ್ಟು ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ. ಗುಣ ಬೇರೆಯಾಗುವುದು ನಡುವಿನ ಕಾರ್ಬನ್‌ಗೆ ಅಂಟಿದ ನಾಲ್ಕನೆಯ ಭಾಗದಿಂದ, ಅಂದರೆ ಸೈಡ್ ಚೈನ್‌ನಿಂದ.

ಅದರಲ್ಲಿ ಬರೀ ಕಾರ್ಬನ್, ಹೈಡ್ರೋಜನ್ ಇದ್ದರೆ ಅದಕ್ಕೆ ನೀರು ಕಂಡರಾಗದು. ವ್ಯಾಲೀನ್, ಲ್ಯೂಸೀನ್ ಇಂಥವು. ಪ್ರೋಟೀನ್ ಮಡಚಿಕೊಳ್ಳುವಾಗ ಸಾಮಾನ್ಯವಾಗಿ ಒಳಗೆ ಸೇರಿಕೊಳ್ಳುತ್ತವೆ. ಸೆರೀನ್‌ನ ತುದಿಯಲ್ಲಿ ಓಎಚ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಇದೆ, ನೀರಿನ ಜೊತೆ ಹೊಂದಿಕೊಳ್ಳುತ್ತದೆ. ಆಸ್ಪಾರ್ಟಿಕ್, ಗ್ಲುಟಾಮಿಕ್ ಆಮ್ಲಗಳಲ್ಲಿ ಇನ್ನೊಂದು ಕಾರ್ಬಾಕ್ಸಿಲ್ ಇದೆ. ನಮ್ಮ ದೇಹದಲ್ಲಿ ಅದು ಪ್ರೋಟಾನ್, ಅಂದರೆ ಹೈಡ್ರೋಜನ್ ಅಯಾನು, ಬಿಟ್ಟುಕೊಟ್ಟು ನೆಗೆಟಿವ್ ಆಗುತ್ತದೆ. ಲೈಸೀನ್, ಆರ್ಜಿನೀನ್ ಪಾಸಿಟಿವ್.

ಪರೀಕ್ಷೆಗಷ್ಟೇ ಇದು ಅಂದುಕೊಳ್ಳಬೇಡ. ರಕ್ತದಲ್ಲಿ ಆಕ್ಸಿಜನ್ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್. ಅದರ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. 6ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತರೆ? ಚಾರ್ಜ್ ಹೋಯಿತು, ನೀರಿಗೆ ಸೇರದ ಒಂದು ತುಣುಕು ಹೊರಮೈಗೆ ಬಂತು. ಹಿಮೋಗ್ಲೋಬಿನ್ ಆಕ್ಸಿಜನ್ ಬಿಟ್ಟಾಗ ಆ ತುಣುಕು ಪಕ್ಕದ ಹಿಮೋಗ್ಲೋಬಿನ್‌ನ ಸಂದಿಯಲ್ಲಿ ಕಚ್ಚಿಕೊಳ್ಳುತ್ತದೆ. ಹೀಗೇ ಒಂದಕ್ಕೊಂದು ಸೇರಿ ಉದ್ದನೆಯ ಎಳೆಗಳಾಗಿ, ದುಂಡಗಿದ್ದ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಅದೇ ಸಿಕಲ್ ಸೆಲ್ ಕಾಯಿಲೆ. ವಿಜ್ಞಾನಿ ವರ್ನನ್ ಇನ್‌ಗ್ರಾಮ್ ಈ ಒಂದು ವ್ಯತ್ಯಾಸವನ್ನು 1956-57ರಲ್ಲಿ ಪತ್ತೆಹಚ್ಚಿದರು. ನಮ್ಮ ಎಚ್.ಡಿ. ಕೋಟೆ ಕಾಡಂಚಿನ ಹಾಡಿಗಳಲ್ಲೂ ಈ ನೋವು ಉಣ್ಣುವ ಮಕ್ಕಳಿದ್ದಾರೆ. ಒಂದೇ ಒಂದು ಸೈಡ್ ಚೈನ್, ನೋಡು ಮಗು.

ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದೂ ಇದೇ ಪಾಠ ಅಲ್ವಾ? ಹಾಲಿನ ಪ್ರೋಟೀನಾದ ಕೇಸಿನ್‌ನ ಕಣಗಳು ನೆಗೆಟಿವ್ ಚಾರ್ಜ್‌ನಿಂದಾಗಿಯೂ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಹುಳಿ ಏರಿ, ಹುಳಿಯ ಅಳತೆಯಾದ ಪಿಎಚ್ 4.6ರ ಹತ್ತಿರ ಇಳಿದಾಗ ಆ ಚಾರ್ಜ್ ಸರಿದೂಗಿ, ಕಣಗಳು ಅಂಟಿಕೊಂಡು ಮೊಸರಾಗುತ್ತದೆ.

ಹೀಗೆ ಸೈಡ್ ಚೈನ್ ನೋಡಿ ವಿಂಗಡಿಸುವಾಗ, ಒಂದು ಪುಸ್ತಕ ಗ್ಲೈಸೀನನ್ನು ಒಂದು ಗುಂಪಿಗೆ ಹಾಕಿದರೆ, ಇನ್ನೊಂದು ಬೇರೆ ಗುಂಪಿಗೆ ಹಾಕಿರುತ್ತದೆ. ಟೈರೋಸೀನ್ ಕತೆಯೂ ಅಷ್ಟೇ. ಗಾಬರಿ ಬೀಳಬೇಡ, ಕಾರಣ ಕೊಟ್ಟು ಬರೆದರೆ ಸಾಕು. ನನಗೆ ಜಾಸ್ತಿ ಇಷ್ಟ ಹಿಸ್ಟಿಡೀನ್. ಅದರ ಪಿಕೆಎ, ಅಂದರೆ ಪ್ರೋಟಾನ್ ಅರ್ಧಕ್ಕರ್ಧ ಬಿಟ್ಟುಕೊಡುವ ಪಿಎಚ್, ಸುಮಾರು 6. ನಮ್ಮ ದೇಹದ ಪಿಎಚ್‌ಗೆ ಹತ್ತಿರ. ಹಾಗಾಗಿ ಪ್ರೋಟಾನ್ ತಗೊಳ್ಳುವುದೂ ಸುಲಭ, ಕೊಡುವುದೂ ಸುಲಭ. ಎಷ್ಟೋ ಕಿಣ್ವಗಳ ಕೆಲಸ ನಡೆಯುವುದೇ ಅದರಿಂದ.

ಪ್ರೋಲೀನ್ ಬರೆಯುವಾಗ ಮಾತ್ರ ಹುಷಾರು. ಅದರ ಸೈಡ್ ಚೈನ್ ತಿರುಗಿ ಬಂದು ತನ್ನದೇ ನೈಟ್ರೋಜನ್‌ಗೆ ಸೇರುತ್ತದೆ. ಊರಿಗೆ ಬರುವಾಗ ಬರೆದ ಹಾಳೆಗಳನ್ನೆಲ್ಲ ತಗೊಂಡು ಬಾ, ಕೂತು ನೋಡೋಣ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ದೊಡ್ಡಪ್ಪ