ಗುರುವಾರದ ಚಹಾ ಕೂಟಕ್ಕೆ ಹೋಗಲಾ ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಮಾರಾಯ,

ನಿನ್ನ ಮೆಸೇಜು ಬಂದು ಐದು ದಿನ ಆಯಿತು. ಉತ್ತರ ಬರೆಯಲಿಲ್ಲ ಎಂದು ಸಿಟ್ಟು ಮಾಡಬೇಡ. ಇಲ್ಲಿ ಮಂಜೇಶ್ವರದಲ್ಲಿ ಮಳೆ ಇನ್ನೂ ಬಿಟ್ಟಿಲ್ಲ, ಕರೆಂಟು ಬಂದು ಹೋಗಿ ಮಾಡುತ್ತಿದೆ. ಅಡಿಕೆಗೆ ಮದ್ದು ಬಿಡಲು ಜನ ಸಿಗದೆ ಅಪ್ಪ ಮನೆಯವರ ಮೇಲೆಲ್ಲ ರೇಗುತ್ತಿದ್ದಾರೆ. ಆದರೆ ತಡವಾದದ್ದು ಅದಕ್ಕಲ್ಲ. ನಿನಗೆ ಉತ್ತರ ಕೊಡಬೇಕಾದರೆ ಮೇ ತಿಂಗಳಿನದ್ದೊಂದು ವಿಷಯ ಹೇಳಬೇಕು. ಅದನ್ನು ಹೇಳಲು ನನಗೆ ನಾಚಿಕೆ.

ನೀನು ಕೇಳಿದ್ದು ಇಷ್ಟು. ಅಮೆರಿಕದ ನಿಮ್ಮ ಕ್ಯಾಂಪಸ್ಸಿನಲ್ಲಿ ಬೇರೆ ಬೇರೆ ಧರ್ಮದ ಹುಡುಗರೆಲ್ಲ ಗುರುವಾರ ಸಂಜೆ ಸೇರುತ್ತಾರೆ. ಮುಸ್ಲಿಮರು, ಯಹೂದಿಗಳು, ಕ್ರೈಸ್ತರು, ಒಬ್ಬ ಸಿಖ್ಖ. ಹಿಂದೂ ಕುರ್ಚಿ ಖಾಲಿ ಇದೆ, ನೀನು ಬಾ ಎಂದು ಕರೆದಿದ್ದಾರೆ. ಚಹಾ ಉಂಟು, ಬಿಸ್ಕೆಟ್ ಉಂಟು, ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುವುದುಂಟು. ಗಾಜಾ ವಿಷಯ ಮಾತ್ರ ತೆಗೆಯಬಾರದು. ಚಿಕ್ಕಮ್ಮ ಗಾಜಾದಲ್ಲಿರುವ ಹುಡುಗ ಒಂದು ತುದಿಯಲ್ಲಿ, ಅಣ್ಣ ಇಸ್ರೇಲಿನ ಸೈನ್ಯದಲ್ಲಿರುವ ಹುಡುಗಿ ಇನ್ನೊಂದು ತುದಿಯಲ್ಲಿ. ಇಬ್ಬರೂ ಕಪ್ಪು ಹಿಡಿದುಕೊಂಡು ಗೋಡೆ ನೋಡುತ್ತಾರೆ ಎಂದು ಬರೆದಿದ್ದೀಯ. ಇದೆಲ್ಲ ನಾಟಕ ಅಲ್ವಾ, ಹೋಗಲಾ ಬೇಡವಾ ಅಂತ ನಿನ್ನ ಪ್ರಶ್ನೆ.

ನೀನೀಗ ಇರುವ ಇಲಿನಾಯ್ ರಾಜ್ಯದ ಬಗ್ಗೆಯೇ ಒಂದು ತಮಾಷೆ ಗೊತ್ತುಂಟಾ? ಅಮೆರಿಕದ ಯಹೂದಿ ವಿದ್ಯಾರ್ಥಿಗಳ ಹಿಲ್ಲೆಲ್ ಸಂಘ ಶುರುವಾದದ್ದು 1923ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ. ಮುಸ್ಲಿಂ ವಿದ್ಯಾರ್ಥಿಗಳ ಸಂಘ ಹುಟ್ಟಿದ್ದೂ ಅಲ್ಲೇ, 1963ರಲ್ಲಿ. ಇಬ್ಬರದ್ದೂ ಒಂದೇ ಅಂಗಳ. ನಮ್ಮ ಊರಲ್ಲಿ ಒಂದೇ ಬಾವಿಯಿಂದ ನೀರು ಸೇದುವ ಎರಡು ಮನೆಯವರ ಹಾಗೆ. ಜಗಳ ಬಂದರೆ ಹಗ್ಗ ಯಾರದ್ದು ಎಂಬಲ್ಲಿಂದಲೇ ಶುರು.

ನೀನು ಕೇಳಿದ ಮೇಲೆ ನಾನೂ ರಾತ್ರಿ ಕೂತು ಒಂದಷ್ಟು ಓದಿದೆ. ನನಗೆ ಹಿಡಿಸಿದ್ದು ಡಾರ್ಟ್‌ಮತ್ ಕಾಲೇಜಿನ ಕಥೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ ಆಯಿತಲ್ಲ, ಸುಮಾರು 1200 ಜನ ಸತ್ತರು, 251 ಜನರನ್ನು ಹಿಡಿದುಕೊಂಡು ಹೋದರು, ಹಿಂದಿನಿಂದಲೇ ಗಾಜಾ ಮೇಲೆ ಬಾಂಬು ಬೀಳತೊಡಗಿತು. ಬೇರೆ ಕ್ಯಾಂಪಸ್ಸುಗಳಲ್ಲಿ ಹೇಳಿಕೆ, ಪ್ರತಿ ಹೇಳಿಕೆ ನಡೆಯುವಾಗ ಡಾರ್ಟ್‌ಮತ್‌ನಲ್ಲಿ ಯಹೂದಿ ಅಧ್ಯಯನ ವಿಭಾಗದವರೂ ಮಧ್ಯಪ್ರಾಚ್ಯ ಅಧ್ಯಯನ ವಿಭಾಗದವರೂ ಒಂದೇ ವೇದಿಕೆ ಮೇಲೆ ಕೂತು ಎಲ್ಲರ ಎದುರು ಮಾತಾಡಿದರು. ಒಮ್ಮೆ ಅಕ್ಟೋಬರ್ 10ಕ್ಕೆ, ಇನ್ನೊಮ್ಮೆ 12ಕ್ಕೆ. ಮೂರೇ ದಿನದಲ್ಲಿ ಅದು ಹೇಗೆ ಸಾಧ್ಯವಾಯಿತು? ಅವರಿಗೆ ಮೊದಲೇ ಒಟ್ಟಿಗೆ ಕೆಲಸ ಮಾಡಿ ಗೊತ್ತಿತ್ತು, ಅಷ್ಟೇ. ಎಝದ್ದೀನ್ ಫಿಶೆರ್ ಎಂಬ ಈಜಿಪ್ಟಿನ ಮಾಜಿ ರಾಜತಾಂತ್ರಿಕ ಮತ್ತು ಬರ್ನಾರ್ಡ್ ಅವಿಶೈ ಎಂಬ ಯಹೂದಿ ಲೇಖಕ ಸೇರಿ ಅಲ್ಲಿ ಇಸ್ರೇಲ್-ಪ್ಯಾಲೆಸ್ಟೀನ್ ಬಗ್ಗೆಯೇ ಪಾಠ ಮಾಡುತ್ತಿದ್ದರು. ಯುದ್ಧ ಬಂದ ಮೇಲೆ ಪರಿಚಯ ಮಾಡಿಕೊಂಡವರಲ್ಲ.

ಆದರೆ ಅದನ್ನೂ ತೀರಾ ಹೊಗಳಬೇಡ. 2024ರ ಮೇ 1ರಂದು ಅದೇ ಕ್ಯಾಂಪಸ್ಸಿನ ಪ್ಯಾಲೆಸ್ಟೀನ್ ಪರ ಪ್ರತಿಭಟನೆಗೆ ಪೊಲೀಸರು ಬಂದು ಸುಮಾರು 90 ಜನರನ್ನು ಹಿಡಿದರು. ಹಿಂದೆ ಯಹೂದಿ ಅಧ್ಯಯನ ವಿಭಾಗದ ಮುಖ್ಯಸ್ಥೆಯೇ ಆಗಿದ್ದ ಅನ್ನೆಲೀಸ್ ಓರ್ಲೆಕ್ ಎಂಬ 65 ವರ್ಷದ ಪ್ರೊಫೆಸರನ್ನು ನೆಲಕ್ಕೆ ಕೆಡವಿ ಎಳೆದುಕೊಂಡು ಹೋದರು. ವೇದಿಕೆ ಮೇಲೆ ಮಾತು, ಹುಲ್ಲಿನ ಮೇಲೆ ಬೇಡಿ.

ಆ ವೇದಿಕೆಯಲ್ಲಿ ಕೂತ ಯಹೂದಿ ಅಧ್ಯಯನ ವಿಭಾಗದ ಸುಸಾನ್ನಾ ಹೆಶೆಲ್ ಯಾರ ಮಗಳು ಗೊತ್ತಾ? ರಬ್ಬಿ, ಅಂದರೆ ಯಹೂದಿ ಧರ್ಮಗುರು, ಅಬ್ರಹಾಂ ಜೋಶುವಾ ಹೆಶೆಲ್ ಅವರ ಮಗಳು. ಆ ರಬ್ಬಿ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕ್ರೈಸ್ತ ಪಾದ್ರಿಗಳ ಜೊತೆ ಸೇರಿ ಯುದ್ಧ ಬೇಡ ಎನ್ನುವ ಗುಂಪು ಕಟ್ಟಿದವರು. ಮಾರ್ಟಿನ್ ಲೂಥರ್ ಕಿಂಗ್ 1967ರ ಏಪ್ರಿಲ್ 4ರಂದು ಆ ಯುದ್ಧದ ವಿರುದ್ಧ ಭಾಷಣ ಮಾಡಿದ್ದು ಅದೇ ಗುಂಪು ಕರೆದ ಸಭೆಯಲ್ಲಿ, ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ. ಬೇರೆ ಬೇರೆ ಧರ್ಮದವರು ಸೇರಿದ್ದೇ ಯುದ್ಧದ ಮಾತಾಡಲು! ನಿಮ್ಮ ಗುರುವಾರದ ನಿಯಮ ಇದಕ್ಕೆ ಪೂರಾ ಉಲ್ಟಾ.

ಆ ಚರ್ಚಿನ ಪಕ್ಕದಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯ. 2024ರ ಏಪ್ರಿಲ್ 22ರ ರಾತ್ರಿ ಅಲ್ಲಿ ಪ್ಯಾಲೆಸ್ಟೀನ್ ಪರ ಹಾಕಿದ ಡೇರೆಗಳ ನಡುವೆ ಯಹೂದಿ ವಿದ್ಯಾರ್ಥಿಗಳು ಪಾಸೋವರ್ ಹಬ್ಬದ ಊಟಕ್ಕೆ ಕೂತರು, ಮುಸ್ಲಿಂ ಗೆಳೆಯರೂ ಜೊತೆಗಿದ್ದರು. ಅದರ ಹಿಂದಿನ ದಿನವೇ ಅದೇ ಕ್ಯಾಂಪಸ್ಸಿನ ಒಬ್ಬ ರಬ್ಬಿ, ಇಲ್ಲಿ ನಿಮಗೆ ಸುರಕ್ಷಿತ ಅಲ್ಲ, ಮನೆಗೆ ಹೋಗಿ ಎಂದು ಯಹೂದಿ ಹುಡುಗರಿಗೆ ಮೆಸೇಜು ಕಳಿಸಿದ್ದರು. ಎರಡೂ ನಿಜ. ಒಂದನ್ನು ಮಾತ್ರ ಹೇಳುವವರು ಜಾಸ್ತಿ.

ಇರಲಿ. ಈಗ ನನ್ನ ವಿಷಯ.

ನಮ್ಮ ಕ್ಯಾಂಪಸ್ಸಿನ ಗುಂಪು ನಿನಗೆ ಗೊತ್ತು, ನೀನೂ ಇದ್ದೆ. ಪೆರ್ನಾಲ್ ಅಂದರೆ ಈದ್ ಹಬ್ಬಕ್ಕೆ ಉಪ್ಪಳಕ್ಕೆ ಹೋಗಿ ಬಿರಿಯಾನಿ, ಕ್ರಿಸ್ಮಸ್ಸಿಗೆ ಬೇಳ ಇಗರ್ಜಿ, ಬಿಸು ಹಬ್ಬಕ್ಕೆ ನಮ್ಮ ಮನೆಯಲ್ಲಿ ಪಾಯಸ. ನಮಗೆ ನಾವೇ ಖುಷಿ. ನೀನು ಹೋದ ಮೇಲೆ ಹನ್ನೊಂದು ಜನ ಉಳಿದಿದ್ದೆವು. 2025ರ ಏಪ್ರಿಲ್ 22ಕ್ಕೆ ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು, ಧರ್ಮ ಕೇಳಿ ಕೊಂದರು ಎಂದು ಬದುಕಿ ಬಂದವರು ಹೇಳಿದರು. ಮೇ 7ಕ್ಕೆ ಆಪರೇಷನ್ ಸಿಂಧೂರ. ಅವತ್ತೇ ಸಂಜೆ ನಾಲ್ಕು ಗಂಟೆಗೆ ಕೇರಳದ 14 ಜಿಲ್ಲೆಗಳಲ್ಲೂ ಅಣಕು ಡ್ರಿಲ್. ಸೈರನ್ನು ಕೂಗಿತು, ಅಮ್ಮ ಸುಮ್ನೆ ಹೋಗಿ ದನಗಳನ್ನು ಹಟ್ಟಿಗೆ ಕಟ್ಟಿದರು.

ನಮ್ಮ ಗುಂಪಿನವರಿಗೆ ಒಂದು ಹೇಳಿಕೆ ಹೊರಡಿಸಬೇಕು ಎಂದು ತಲೆಗೆ ಹೋಯಿತು. ಸಪ್ತಭಾಷಾ ಸಂಗಮ ಭೂಮಿ ಎಂದು ಎಲ್ಲ ಸ್ಟೇಜಿನಲ್ಲೂ ಭಾಷಣ ಮಾಡುವ ಊರು ನಮ್ಮದು. ಹೇಳಿಕೆ ಕನ್ನಡದಲ್ಲಿ ಮೊದಲು ಬರಬೇಕಾ ಮಲಯಾಳದಲ್ಲಾ ಎಂಬುದಕ್ಕೇ ವಾಟ್ಸಾಪಿನಲ್ಲಿ ಒಂದು ಗಂಟೆ ಹೋಯಿತು. ನಗಬೇಡ. ಆಮೇಲೆ ಮೊದಲ ವಾಕ್ಯದ ಜಗಳ. ಭಯೋತ್ಪಾದನೆ ಮೊದಲಾ, ಶಾಂತಿ ಮೊದಲಾ? 'ಯುದ್ಧ ಬೇಡ' ಎಂದರೆ ದೇಶದ್ರೋಹವಾ? ಹೇಳಿಕೆ ಕಡೆಗೂ ಹೊರಡಲಿಲ್ಲ, ಕದನ ವಿರಾಮವೇ ಮೊದಲು ಬಂತು, ಮೇ 10ಕ್ಕೆ.

ಇದರ ನಡುವೆ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಉಪ್ಪಳದ ನಮ್ಮ ದೋಸ್ತಿಯನ್ನು ನಾನು ಕೇಳಿದೆ, 'ಅಲ್ಲ ಮಾರಾಯ, ನಿಮ್ಮ ಕಡೆಯವರು ಯಾಕೆ ಇನ್ನೂ ಗಟ್ಟಿಯಾಗಿ ಖಂಡಿಸುವುದಿಲ್ಲ?'

ಹೌದು, ನಾನೇ. ಬೇರೆ ಯಾರೋ ಅಲ್ಲ. ಏಪ್ರಿಲ್ 22ರ ರಾತ್ರಿ ಗುಂಪಿನಲ್ಲಿ ಮೊದಲು ದುಃಖ ಬರೆದು ಹಾಕಿದ್ದು ಅವನು. ಸತ್ತ 26 ಜನರಲ್ಲಿ ಕುದುರೆ ನಡೆಸುವ ಒಬ್ಬ ಕಾಶ್ಮೀರಿ ಮುಸ್ಲಿಂ ಕೂಡ ಇದ್ದ ಎಂದು ನಮಗೆ ಹೇಳಿದ್ದೂ ಅವನೇ. ಅವನು ತಲೆ ಎತ್ತಿ ನೋಡಿ, 'ನನ್ನ ಕಡೆಯವರು ಅಂದರೆ ಯಾರು? ನೀವಲ್ವಾ?' ಎಂದ. ಅರ್ಧ ಊಟ ಬಿಟ್ಟು ಕೈ ತೊಳೆದ. ಮರುದಿನದಿಂದ ಗುಂಪಿಗೆ ಬರಲಿಲ್ಲ. ಒಬ್ಬನ ಹಿಂದೆ ಇನ್ನಿಬ್ಬರು ಬಿಟ್ಟರು. ಮೂರು ವರ್ಷದ ಬಿರಿಯಾನಿ, ಪಾಯಸ ಎಲ್ಲ ಒಂದು ಪ್ರಶ್ನೆಗೆ ಮುಗಿಯಿತು. ಬಂದೂಕು ಹಿಡಿದವರು ಧರ್ಮ ಕೇಳಿದ್ದಕ್ಕೆ ನನಗೆ ಅಷ್ಟು ಸಿಟ್ಟು ಬಂದಿತ್ತು. ನಾನು ಕ್ಯಾಂಟೀನಿನಲ್ಲಿ ಮಾಡಿದ್ದು ಎಂತದ್ದು?

ಜೂನ್ 23ರ ರಾತ್ರಿ ಹತ್ತು ಗಂಟೆ ದಾಟಿತ್ತು. ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ಸೇನಾ ನೆಲೆಗೆ ಇರಾನ್ ಕ್ಷಿಪಣಿ ಬಿಟ್ಟಿದೆ ಎಂದು ಟಿವಿಯಲ್ಲಿ ಬಂತು. ಅವನ ಅಣ್ಣ ದೋಹಾದಲ್ಲಿ ಸೂಪರ್ ಮಾರ್ಕೆಟಿನಲ್ಲಿರುವುದು ನೆನಪಾಯಿತು. ನಮ್ಮ ಕಡೆ ಯಾವ ಮನೆಯಿಂದ ಗಲ್ಫಿಗೆ ಒಬ್ಬ ಹೋಗಿಲ್ಲ ಹೇಳು, ಅಲ್ಲಿ ಬಾಂಬು ಬಿದ್ದರೆ ಇಲ್ಲಿ ಗೋಡೆ ಅಲುಗಾಡುತ್ತದೆ. ಮಳೆಕೋಟು ಹಾಕಿ ಸ್ಕೂಟರು ತೆಗೆದೆ. ಹೋಗಿ ಎಂತ ಹೇಳುವುದು ಎಂದು ದಾರಿ ಇಡೀ ಗೊತ್ತಾಗಲಿಲ್ಲ. ಅವನು ಬಾಗಿಲು ತೆಗೆದ, ಒಂದೂ ಮಾತಾಡಲಿಲ್ಲ, ಒಳಗೆ ಹೋಗಿ ಮತ್ತೆ ಫೋನು ಒತ್ತುತ್ತಾ ಕೂತ. ಅವನ ಉಮ್ಮ ತಸ್ಬಿ ಜಪಮಾಲೆ ಹಿಡಿದುಕೊಂಡಿದ್ದರು. ವಿಮಾನ ಹಾರಾಟ ಬಂದ್, ಫೋನು ಸಿಗುವುದಿಲ್ಲ. ನಾನು ಇನ್ನೊಂದು ಫೋನಿನಿಂದ ಒತ್ತತೊಡಗಿದೆ. ಹನ್ನೆರಡೂವರೆಗೆ ಅಣ್ಣ ಸಿಕ್ಕಿದರು. ಏನೂ ಆಗಿಲ್ಲ, ಆಕಾಶದಲ್ಲಿ ಬೆಂಕಿ ನೋಡಿದೆವು ಎಂದರು. ಉಮ್ಮ ಎದ್ದು ಹಾಲಿಲ್ಲದ ಕಟ್ಟನ್ ಚಾಯ ಮಾಡಿದರು. ಬೆಲ್ಲ ಜಾಸ್ತಿ ಆಗಿತ್ತು.

ಅವನ ಹತ್ತಿರ ಕ್ಷಮೆ ಕೇಳಿದೆಯಾ ಎಂದು ನೀನು ಕೇಳುತ್ತೀಯ. ಇಲ್ಲ. ಆ ರಾತ್ರಿ ಕೇಳಿದರೆ ಅದು ಅಣ್ಣನ ಭಯದ ಮೇಲೆ ನನ್ನ ಲೆಕ್ಕ ತೀರಿಸಿದ ಹಾಗಾಗುತ್ತಿತ್ತು. ಆಮೇಲೆ ಕೇಳಲು ಧೈರ್ಯ ಸಾಲಲಿಲ್ಲ. ಈಗ ಮಾತಾಡುತ್ತಾನೆ, ಪುಸ್ತಕ ಕೊಡುತ್ತಾನೆ. ಗುಂಪಿಗೆ ಮಾತ್ರ ಬರುವುದಿಲ್ಲ.

ನಮ್ಮ ಉದ್ಯಾವರದ ಮಾಡ, ಅಂದರೆ ದೈವಸ್ಥಾನದ ಜಾತ್ರೆಯ ಮೊದಲು ಅರಸು ಮಂಜಿಷ್ಣಾರ್ ದೈವಗಳ ಪಾತ್ರಿಗಳು (ಮೈಮೇಲೆ ದೈವ ಬರುವವರು) ಶುಕ್ರವಾರ ನಮಾಜು ಮುಗಿಯುವ ಹೊತ್ತಿಗೆ ಸಾವಿರ ಜಮಾಅತ್ ಮಸೀದಿಗೆ ಹೋಗಿ ಜಾತ್ರೆಗೆ ಬನ್ನಿ ಎಂದು ಕರೆಯುತ್ತಾರಲ್ಲ, ನಾವು ಸಣ್ಣದಿರುವಾಗ ಬೇಲಿ ಹತ್ತಿ ನೋಡಿದ್ದೆವು. ಪೇಪರಿನವರು ಅದನ್ನು ಸೌಹಾರ್ದ ಎಂದು ಬರೆಯುತ್ತಾರೆ. ನನಗೆ ಈಗ ಅದರಲ್ಲಿ ಕಾಣುವುದು ಬೇರೆ. ಅಲ್ಲಿ ಯಾರೂ ಯಾರ ಹತ್ತಿರವೂ 'ನಿಮ್ಮ ನಿಲುವು ಏನು' ಎಂದು ಕೇಳುವುದಿಲ್ಲ. ಕರೆಯುವುದು ಇವರ ಕೆಲಸ, ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವುದು ಅವರ ಕೆಲಸ. ಕೆಲಸ ಉಂಟು, ಹಾಗಾಗಿ ಉಳಿದಿದೆ. ನಮ್ಮ ಗುಂಪಿಗೆ ತಿನ್ನುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ಹಾಗಾಗಿ ನೀನು ಹೋಗು. ಆದರೆ ಹಿಂದೂ ಕುರ್ಚಿಯಲ್ಲಿ ಕೂರಬೇಡ, ನನಗೆ ಒಂದು ಸಾದಾ ಕುರ್ಚಿ ಸಾಕು ಎಂದು ಮೊದಲೇ ಹೇಳು. ಆ ಕುರ್ಚಿಯಲ್ಲಿ ಕೂತರೆ ನಾಳೆ ನಮ್ಮ ಊರಿನಲ್ಲಿ ಏನಾದರೂ ಆದಾಗ ಉತ್ತರ ಕೊಡಬೇಕಾದವನು ನೀನು. ಯುದ್ಧದ ಮಾತೇ ಬೇಡ ಎನ್ನುವ ನಿಯಮಕ್ಕೆ ನನಗೆ ಒಪ್ಪಿಗೆ ಇಲ್ಲ. ಆದರೆ ಆ ಇಬ್ಬರಿಂದ ಅಭಿಪ್ರಾಯ ಕೀಳಲು ಮಾತ್ರ ಹೋಗಬೇಡ. ಅವನ ಹತ್ತಿರ ಚಿಕ್ಕಮ್ಮನ ಫೋನು ಬಂತಾ ಎಂದು ಕೇಳು. ಅವಳ ಹತ್ತಿರ ಅಣ್ಣನ ಸುದ್ದಿ ಕೇಳು. ರಾತ್ರಿ ಕೂಟ ಮುಗಿದ ಮೇಲೆ ಯಾರೂ ಒಬ್ಬರೇ ನಡೆದು ಹೋಗದ ಹಾಗೆ ನೋಡಿಕೊಳ್ಳಿ. 2023ರ ನವೆಂಬರಿನಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ರಸ್ತೆ ಬದಿ ನಡೆದು ಹೋಗುತ್ತಿದ್ದ ಮೂವರು ಪ್ಯಾಲೆಸ್ಟೀನಿ ವಿದ್ಯಾರ್ಥಿಗಳಿಗೆ ಗುಂಡು ಹೊಡೆದದ್ದನ್ನು ಓದಿದ ಮೇಲೆ ನನಗೆ ಅದೇ ತಲೆಯಲ್ಲಿ ಕೂತಿದೆ. ಮೂವರೂ ಬದುಕಿದರು, ಒಬ್ಬನಿಗೆ ನಡೆಯಲು ಆಗುವುದಿಲ್ಲ.

ಹೇಳಿಕೆ ಬರೆಯೋಣ ಎಂದು ಯಾರಾದರೂ ಅಂದರೆ ನನ್ನ ನಂಬರು ಕೊಡು, ಮೊದಲ ವಾಕ್ಯ ಬಿಟ್ಟು ಉಳಿದದ್ದೆಲ್ಲ ನಮ್ಮಲ್ಲಿ ರೆಡಿ ಉಂಟು.

ಗುರುವಾರ ಕೂಟ ಮುಗಿದ ಕೂಡಲೇ ಫೋನು ಮಾಡು. ಇಲ್ಲಿ ಶುಕ್ರವಾರ ಬೆಳಿಗ್ಗೆ ಆಗಿರುತ್ತದೆ, ನಾನು ಹಾಲು ಡಿಪೋಗೆ ಹೊರಟಿರುತ್ತೇನೆ, ದಾರಿಯಲ್ಲಿ ಮಾತಾಡಬಹುದು. ಆ ಇಬ್ಬರೂ ಬಂದಿದ್ದರಾ ಎಂದು ಮೊದಲು ಹೇಳು.

ನಿನ್ನವ,
ಮಂಜೇಶ್ವರದಿಂದ